ಮಹಾಸಭೆಯಲ್ಲಿ ಲಾಭದ ಜೊತೆಗೆ ಕೆಲಸದ ಲೆಕ್ಕವನ್ನೂ ಕೇಳೋಣ

ಮಾನ್ಯ ಸಂಪಾದಕರೇ,

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ವಾರ್ಷಿಕ ಮಹಾಸಭೆಗಳು ನಡೆಯುವ ಈ ಸೆಪ್ಟೆಂಬರ್ ತಿಂಗಳಲ್ಲಿ, ಯಾವ ಸಂಘಕ್ಕೆ ಎಷ್ಟು ಲಕ್ಷ ಲಾಭ ಬಂತು, ಸದಸ್ಯರಿಗೆ ಶೇಕಡಾ ಎಷ್ಟು ಲಾಭಾಂಶ ಘೋಷಣೆಯಾಯಿತು ಎಂಬ ವರದಿಗಳು ನಿಮ್ಮ ಪತ್ರಿಕೆಯ ಶಿವಮೊಗ್ಗ ಜಿಲ್ಲಾ ಪುಟದಲ್ಲಿ ದಿನವೂ ಬರುತ್ತಿವೆ. ಲಾಭ ಬಂದಿರುವುದು ಸಂತೋಷವೇ. ಆದರೆ ಸಂಘದ ವ್ಯವಹಾರ ಎಷ್ಟು ಚೆನ್ನಾಗಿ ನಡೆಯುತ್ತಿದೆ ಎಂಬುದು ಆ ಒಂದು ಅಂಕಿಯಿಂದ ಗೊತ್ತಾಗುವುದಿಲ್ಲ ಎಂಬುದನ್ನು, ತೀರ್ಥಹಳ್ಳಿ ತಾಲೂಕಿನ ಅಡಿಕೆ ಬೆಳೆಗಾರನಾಗಿ, ಹಿಂದೆ ಇಂಥ ಸಂಘವೊಂದರ ಆಡಳಿತ ಮಂಡಳಿಯಲ್ಲಿ ನಿರ್ದೇಶಕನಾಗಿದ್ದವನಾಗಿ ಹೇಳಬಯಸುತ್ತೇನೆ.

ಈ ಸಲದ ಮುಂಗಾರಿನಲ್ಲಿ ನಮ್ಮ ಭಾಗದಲ್ಲಿ ಆದದ್ದನ್ನೇ ನೋಡಬಹುದು. ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣದ ಮೊದಲ ಸುತ್ತನ್ನು ಮಳೆ ಹಿಡಿಯುವ ಮುನ್ನವೇ ಹೊಡೆದು ಮುಗಿಸಬೇಕು. ಅಲ್ಲಿಂದ 40–45 ದಿನಕ್ಕೆ ಎರಡನೆಯ ಸುತ್ತು. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ ಎಂಬ ಪ್ರಮಾಣ ತೋಟವಿರುವ ಪ್ರತಿ ಮನೆಗೂ ಗೊತ್ತು. ಹೀಗಿದ್ದೂ ಸಂಘದ ಗೊಬ್ಬರದ ಅಂಗಡಿಗೆ ಮೈಲುತುತ್ತ ಬಂದಿಳಿಯುವ ಹೊತ್ತಿಗೆ ಮಳೆ ಹಿಡಿದಾಗಿತ್ತು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರು ಸಿಕ್ಕ ದಿನವೇ ಔಷಧಿ ಹೊಡೆಸಿಕೊಳ್ಳಬೇಕಾದ ಬೆಳೆಗಾರರು ಕಾಯುವಂತಿರಲಿಲ್ಲ. ಪೇಟೆಯ ಖಾಸಗಿ ಅಂಗಡಿಯಲ್ಲಿ ಹೇಳಿದ ದರ ಕೊಟ್ಟು ತಂದರು. ತಡವಾಗಿ ಬಂದ ಮಾಲಿನಲ್ಲಿ ಸ್ವಲ್ಪ ಎರಡನೆಯ ಸುತ್ತಿಗೆ ಖರ್ಚಾಯಿತು, ಉಳಿದ ಚೀಲಗಳು ಗೋದಾಮಿನಲ್ಲೇ ಇವೆ, ಅವುಗಳಿಗೆ ಹಾಕಿದ ಹಣದ ಮೇಲೆ ಸಂಘಕ್ಕೆ ಸಾಲ ಕೊಡುವ ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರ) ಬ್ಯಾಂಕಿನ ಬಡ್ಡಿ ಓಡುತ್ತಿದೆ. ಸಂಘ ಮಾತ್ರ ಸಾಲಗಳ ಬಡ್ಡಿಯಿಂದ ಬಂದ ಆದಾಯದ ಬಲದಲ್ಲಿ ಲಾಭ ತೋರಿಸಿದೆ. ಅಂಗಡಿ ಕಳೆದುಕೊಂಡ ವ್ಯಾಪಾರವಾಗಲಿ, ಸದಸ್ಯರು ಹೊರಗೆ ಹೆಚ್ಚಿಗೆ ತೆತ್ತ ಹಣವಾಗಲಿ ಜಮಾ–ಖರ್ಚಿನ ಯಾವ ಸಾಲಿನಲ್ಲೂ ಕಾಣುವುದಿಲ್ಲ.

ಇದನ್ನು ತಪ್ಪಿಸಲು ಬೇಕಾಗಿದ್ದ ಮಾಹಿತಿಯೆಲ್ಲ ಸಂಘದ ಕಪಾಟಿನಲ್ಲೇ ಇತ್ತು ಎಂಬುದು ನನಗೆ ಹೆಚ್ಚು ನೋವಿನ ಸಂಗತಿ. ಬೆಳೆಸಾಲಕ್ಕೆ ಅರ್ಜಿ ಹಾಕುವಾಗ ಸದಸ್ಯರು ಪಹಣಿ ಕೊಟ್ಟಿರುತ್ತಾರೆ. ಯಾರಿಗೆ ಎಷ್ಟು ತೋಟ, ಎಷ್ಟು ಗದ್ದೆ ಎಂಬುದು ಕಡತದಲ್ಲಿದೆ. ಹಿಂದಿನ ವರ್ಷಗಳಲ್ಲಿ ಯಾವ ವಾರ ಎಷ್ಟು ಚೀಲ ಹೋಯಿತು ಎಂಬುದು ಬಿಲ್ ಪುಸ್ತಕದಲ್ಲಿದೆ. ಮೇ ತಿಂಗಳ ನಡುವಿಗೆ ಮಾಲು ಬಾರದಿದ್ದರೆ ಜನ ಪೇಟೆಗೆ ಹೋಗುತ್ತಾರೆ ಎಂಬುದು ಅಂಗಡಿಯಲ್ಲಿ ಕೂರುವ ಗುಮಾಸ್ತರಿಗೂ, ಚೀಲ ಇಳಿಸುವ ಹಮಾಲರಿಗೂ ತಿಳಿದಿದೆ. ಖರೀದಿಯ ತೀರ್ಮಾನವಾಗುವ ಸಭೆಗೆ ಅವರನ್ನು ಕರೆಯುವ ಪದ್ಧತಿ ಮಾತ್ರ ಇಲ್ಲ. ಫೆಬ್ರುವರಿಯಲ್ಲಿ ಸದಸ್ಯರಿಂದ ಬೇಡಿಕೆ ಬರೆಸಿಕೊಂಡು, ಮಾರ್ಚ್‌ನಲ್ಲಿ ಮೂರು ಕಡೆಯಿಂದ ದರಪಟ್ಟಿ ತರಿಸಿ, ಏಪ್ರಿಲ್ ಮುಗಿಯುವುದರೊಳಗೆ ದಾಸ್ತಾನು ಮಾಡಿಕೊಳ್ಳುವುದು ಯಾವ ಸಂಘಕ್ಕೂ ಕಷ್ಟವಲ್ಲ; ಅಕ್ಕಪಕ್ಕದ ನಾಲ್ಕು ಸಂಘಗಳು ಸೇರಿ ಖರೀದಿಸಿದರೆ ದರದಲ್ಲಿಯೂ ಚೌಕಾಸಿ ಮಾಡಲು ಬರುತ್ತದೆ. ಹಾಗೆಂದು ಎಲ್ಲವನ್ನೂ ಮೊದಲೇ ತಂದು ತುಂಬಿಡುವುದೂ ಸರಿಯಲ್ಲ, ನಮ್ಮ ಮಳೆಗಾಲದ ತೇವಕ್ಕೆ ಯೂರಿಯಾ ಚೀಲದೊಳಗೇ ಗಟ್ಟಿಯಾಗಿಬಿಡುತ್ತದೆ. ಯಾವುದು ಯಾವಾಗ ಎಷ್ಟು ಬೇಕು ಎಂಬುದನ್ನು ಹಳೆಯ ಲೆಕ್ಕ ನೋಡಿಯೇ ನಿರ್ಧರಿಸಬೇಕು.

ಸಾಲ ವಿಭಾಗದ ಸ್ಥಿತಿಯೂ ಬೇರೆಯಲ್ಲ. ಶೂನ್ಯ ಬಡ್ಡಿಯ ಅಲ್ಪಾವಧಿ ಬೆಳೆಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಗಡುವಿನೊಳಗೆ ಕಟ್ಟಿದವರಿಗಷ್ಟೇ ಆ ಅನುಕೂಲ. ಗಡುವು ತಪ್ಪಿದರೆ ಸದಸ್ಯರಿಗೆ ಬಡ್ಡಿಯ ಹೊರೆ, ಸಂಘಕ್ಕೆ ಸುಸ್ತಿ, ಅಂದರೆ ವಸೂಲಾಗದ ಬಾಕಿ. ಒಂದು ತಿಂಗಳು ಮುಂಚೆ ಫೋನ್ ಮಾಡಿ ತಿಳಿಸಿದರೆ ಎಷ್ಟೋ ಮಂದಿ ಹಣ ಹೊಂದಿಸಿಕೊಳ್ಳುತ್ತಾರೆ, ಕೊನೆಯ ವಾರದ ನೂಕುನುಗ್ಗಲೂ ತಪ್ಪುತ್ತದೆ. ಕಟ್ಟಿದ ಸಾಲವನ್ನು ಮರಳಿ ಎತ್ತಲು ಸದಸ್ಯರು ಎಷ್ಟು ದಿನ ಓಡಾಡಬೇಕಾಗಿದೆ ಎಂಬುದನ್ನು ಯಾವ ಸಂಘವೂ ಬರೆದಿಟ್ಟದ್ದನ್ನು ನಾನು ನೋಡಿಲ್ಲ. ಅಷ್ಟು ದಿನ ಪೇಟೆಯಲ್ಲಿ ಕೈಸಾಲ ಮಾಡಿ ಬಡ್ಡಿ ಕಟ್ಟುವವರು ಇದೇ ಸದಸ್ಯರು.

ಗಣಕೀಕರಣವಾದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ದೇಶದ 63,000 ಪ್ರಾಥಮಿಕ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ, ಅದು ಸ್ವಾಗತಾರ್ಹ. ಆದರೆ ಕಂಪ್ಯೂಟರಿನಿಂದ ಬರುವ ವರದಿಯನ್ನು ಆಡಳಿತ ಮಂಡಳಿ ತೆರೆದು ನೋಡದಿದ್ದರೆ ಅದರಿಂದ ಪ್ರಯೋಜನವಿಲ್ಲ. ಹಾಗೆಯೇ ಆಡಿಟ್‌ನಲ್ಲಿ ‘ಎ’ ವರ್ಗ ಸಿಕ್ಕಿತೆಂದರೆ ಲೆಕ್ಕಪತ್ರ ಕ್ರಮವಾಗಿದೆ ಎಂದು ನಂಬಬಹುದು. ಮೈಲುತುತ್ತ ಹೊತ್ತಿಗೆ ಬಂತೇ ಎಂಬುದಕ್ಕೆ ಅದರಲ್ಲಿ ಉತ್ತರವಿರುವುದಿಲ್ಲ.

1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದವರೂ, 1939ರಲ್ಲಿ ನಮ್ಮ ಶಿವಮೊಗ್ಗದಲ್ಲಿ ಅಡಿಕೆ ಮಾರಾಟದ ಸಹಕಾರ ಸಂಘವಾದ ಮ್ಯಾಮ್‌ಕೋಸ್ ಕಟ್ಟಿದ ಬೆಳೆಗಾರರೂ ಸಂಘ ಕಟ್ಟಿದ್ದು ಸದಸ್ಯರ ಖರ್ಚು ಇಳಿಯಲಿ, ಬೆಳೆದದ್ದಕ್ಕೆ ನ್ಯಾಯವಾದ ಬೆಲೆ ಸಿಗಲಿ ಎಂದು. ಆದ್ದರಿಂದ ಸಂಘದ ಕೆಲಸವನ್ನು ಅಳೆಯುವಾಗ ಸದಸ್ಯರ ಖರ್ಚು, ಸದಸ್ಯರ ಸಮಯ ಎರಡೂ ಲೆಕ್ಕಕ್ಕೆ ಬರಬೇಕು.

ಸಹಕಾರ ಇಲಾಖೆಯವರಲ್ಲಿ ನನ್ನ ವಿನಂತಿ ಇಷ್ಟೇ. ಪ್ರತಿ ಸಂಘವೂ ತಿಂಗಳಿಗೊಂದು ಪುಟದ ತಖ್ತೆ (ಪಟ್ಟಿ) ಮಾಡಿ, ಬೇಡಿಕೆಯಿದ್ದೂ ಅಂಗಡಿಯಲ್ಲಿ ಸಿಗದ ಮಾಲು, ಮೂರು ತಿಂಗಳು ಮೀರಿ ಉಳಿದ ದಾಸ್ತಾನು, ಸಾಲದ ಅರ್ಜಿಯಿಂದ ಹಣ ಕೈಸೇರುವವರೆಗೆ ಹಿಡಿದ ದಿನಗಳು, ಮುಂದಿನ ತಿಂಗಳು ಗಡುವು ತೀರುವ ಸಾಲಗಳು ಇವಿಷ್ಟನ್ನು ಆಡಳಿತ ಮಂಡಳಿಯ ಸಭೆಯ ಮುಂದಿಡುವಂತೆ ಸೂಚನೆ ಹೊರಡಿಸಬೇಕು. ಆ ಸಭೆಯಲ್ಲಿ ಅಂಗಡಿಯ ಗುಮಾಸ್ತರಿಗೂ ಮಾತಾಡಲು ಅವಕಾಶವಿರಬೇಕು. ವರ್ಷದ ಕೊನೆಗೆ ಹನ್ನೆರಡು ತಿಂಗಳ ತಖ್ತೆಗಳು ವಾರ್ಷಿಕ ವರದಿಯ ಪುಸ್ತಕದಲ್ಲಿ ಅಚ್ಚಾಗಬೇಕು. ಇಲಾಖೆಯ ಸೂಚನೆ ಬರುವವರೆಗೆ ಕಾಯಬೇಕಾಗಿಲ್ಲ. ಇನ್ನೂ ಮಹಾಸಭೆ ನಡೆಯಬೇಕಿರುವ ಸಂಘಗಳ ಸದಸ್ಯರು ಲಾಭಾಂಶದ ವಿಷಯ ಮಂಡನೆಯಾಗುವ ಮುನ್ನ ಎದ್ದುನಿಂತು ಈ ಬಾರಿಯೇ ಇದನ್ನು ಕೇಳಿ, ನಡವಳಿ ಪುಸ್ತಕದಲ್ಲಿ ದಾಖಲಿಸುವಂತೆ ಒತ್ತಾಯಿಸಬೇಕು.

ಇತಿ,
ಅಡಿಕೆ ಬೆಳೆಗಾರ ಸದಸ್ಯ,
ತೀರ್ಥಹಳ್ಳಿ ತಾಲೂಕು