ಬೆಳಕಿಗಿಂತ ಮೊದಲು ಎಣ್ಣೆ ನೋಡು

ಚಳ್ಳಕೆರೆ

ಚಿ. ಸಹನಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನೀನು ಪಿಎಚ್‌ಡಿಗೆ ಎಫ್‌ಎಪಿ ಅನ್ನೋ, ಬೆಳಕು ಬಿದ್ದಾಗ ಕೆಲಸ ಮಾಡುವ ಕಿಣ್ವ ಹಿಡಿದಿದ್ದೀಯಂತೆ. ‘ಮಗಳು ಬಿಸಿಲಿನಿಂದ ಡೀಸೆಲ್ ಮಾಡ್ತಾಳೆ’ ಅಂತ ನಿಮ್ಮಪ್ಪ ಊರಿಗೆಲ್ಲ ಸಾರಿದ್ದಾನೆ. ಆ ಮಾತನ್ನು ನೀನು ಮಾತ್ರ ಆಡಬೇಡ.

ನೀನು ಕಳಿಸಿದ್ದನ್ನು ಓದಿದೆ. 2017ರಲ್ಲಿ ಫ್ರಾನ್ಸಿನ ಕಾದರಾಶ್‌ನ ವಿಜ್ಞಾನಿಗಳು ಕ್ಲೋರೆಲ್ಲಾ ಪಾಚಿಯಲ್ಲಿ ಇದನ್ನು ಕಂಡುಹಿಡಿದರು. ನೀಲಿ ಬೆಳಕು ಬಿದ್ದರೆ ಸಾಕು, ಎಣ್ಣೆಯಿಂದ ಬರುವ ಫ್ಯಾಟಿ ಆಸಿಡ್‌ನ ತುದಿ ಕಾರ್ಬನ್ ಡೈಆಕ್ಸೈಡ್ ಆಗಿ ಕಳಚಿಕೊಳ್ಳುತ್ತದೆ. 16 ಕಾರ್ಬನ್ನಿನ ಪಾಮಿಟಿಕ್ ಆಸಿಡ್ ಹೋಗಿ 15ರ ಪೆಂಟಾಡೆಕೇನ್ ಬರುತ್ತದೆ. ಡೀಸೆಲ್‌ನಲ್ಲೇ ಇರುವ ವಸ್ತು ಅದು. ಹೊಂಗೆ ಬಯೋಡೀಸೆಲ್‌ಗೆ ಸುರಿದ ಹಾಗೆ ಮೆಥನಾಲ್ ಸುರಿಯಬೇಕಿಲ್ಲ, ಕಾಯಿಸಬೇಕಿಲ್ಲ. ಸೊಗಸಾಗಿದೆ, ಒಪ್ಪಿದೆ. ಆದರೆ ಉರಿಯುವ ಶಕ್ತಿ ಎಣ್ಣೆಯಲ್ಲಿ ಮೊದಲೇ ಇತ್ತು ಅಲ್ವಾ? ಬೆಳಕು ಮಾಡಿದ್ದು ಕತ್ತರಿ ಕೆಲಸ ಅಷ್ಟೇ.

ಅದಕ್ಕೇ ಹೇಳೋದು, ದೀಪಕ್ಕೆ ದುಡ್ಡು ಸುರಿಯುವ ಮೊದಲು ಎಣ್ಣೆ ನೋಡು. ಎಣ್ಣೆ ಮಿಲ್ಲಿನ ಲ್ಯಾಬಿನಲ್ಲಿ ನನ್ನ ಕೆಲಸವೇ ಎಫ್‌ಎಫ್‌ಎ, ಅಂದರೆ ಎಣ್ಣೆಯಲ್ಲಿ ಬಿಡಿಯಾಗಿರುವ ಫ್ಯಾಟಿ ಆಸಿಡ್ ಎಷ್ಟಿದೆ ಅಂತ ನೋಡುವುದಾಗಿತ್ತು. ಕಡಲೆಕಾಯಿ ಎಣ್ಣೆಯನ್ನು ಸ್ಪಿರಿಟ್‌ಗೆ ಬೆರೆಸಿ, ಎರಡು ಹನಿ ಫಿನಾಲ್ಫ್ತಲೀನ್ ಹಾಕಿ, ತಿಳಿ ಗುಲಾಬಿ ಬಣ್ಣ ನಿಲ್ಲುವ ತನಕ ಬ್ಯುರೆಟ್‌ನಿಂದ ಕಾಸ್ಟಿಕ್ ಸೋಡಾ ಬಿಡುವುದು. ಕಾಸ್ಟಿಕ್ ಜಾಸ್ತಿ ಹಿಡಿಯಿತೋ, ಎಣ್ಣೆ ಕೆಟ್ಟಿದೆ, ರೇಟು ಇಳಿಯಿತು. ನಿನ್ನ ಕಿಣ್ವಕ್ಕೆ ಈ ಲೆಕ್ಕ ತಿರುಗುಮುರುಗು, ಅದಕ್ಕೆ ಬೇಕಿರುವುದೇ ಬಿಡಿ ಫ್ಯಾಟಿ ಆಸಿಡ್. ಒಳ್ಳೆ ಎಣ್ಣೆಯಲ್ಲಿ ಫ್ಯಾಟಿ ಆಸಿಡ್‌ಗಳು ಮೂರು ಮೂರಾಗಿ ಗ್ಲಿಸರಾಲ್‌ಗೆ ಅಂಟಿಕೊಂಡಿರುತ್ತವೆ. ಲೈಪೇಸ್ ಅನ್ನೋ ಇನ್ನೊಂದು ಕಿಣ್ವ ಹಾಕಿ ಮೊದಲು ಬಿಡಿಸಿಕೊಡಬೇಕು. ನಾವು ವಾಪಸ್ ಕಳಿಸುತ್ತಿದ್ದ ಕಮಟು ಎಣ್ಣೆಯಲ್ಲಿ ಆ ಕೆಲಸ ಒಂದಿಷ್ಟು ತಾನಾಗಿಯೇ ಆಗಿರುತ್ತದೆ. ಆದ್ದರಿಂದ ಬಾಟಲಿಯ ಶುದ್ಧ ಪಾಮಿಟಿಕ್‌ನಲ್ಲೇ ವರ್ಷಗಟ್ಟಲೆ ಕೂರಬೇಡ. ಬೋಂಡಾ ಅಂಗಡಿಯವನ ಕರಿದ ಎಣ್ಣೆ ತಂದು ನಾನು ಹೇಳಿದ ಹಾಗೆ ಟೈಟ್ರೇಟ್ ಮಾಡು. ಪಾಮ್ ಎಣ್ಣೆಯಾಗಿದ್ದರೆ ಇನ್ನೂ ಒಳ್ಳೆಯದು, ಪಾಮಿಟಿಕ್ ಅದರಲ್ಲಿ ಜಾಸ್ತಿ. ನಮ್ಮ ಕಡಲೆಕಾಯಿ ಎಣ್ಣೆಯಲ್ಲಿ 18ರ ಓಲಿಯಿಕ್ಕೇ ಹೆಚ್ಚು. ಕಿಣ್ವಕ್ಕೆ 16ರದ್ದೇ ಇಷ್ಟ. (ಚಳ್ಳಕೆರೆಯವನಾಗಿ ಇದನ್ನು ಬರೆಯೋಕೆ ಬೇಜಾರೇ!)

ಇನ್ನು ಬೆಳಕು. ಒಂದೊಂದು ಅಣು ಕಳಚುವುದಕ್ಕೂ ಹೊಸ ಫೋಟಾನ್, ಅಂದರೆ ಬೆಳಕಿನ ಕಣ ಬೇಕು. ಎಣ್ಣೆ ನೀರು ಕಲಕಿ ಬೆಳ್ಳಗಾದರೆ ಬೆಳಕು ಒಳಗೆ ಇಳಿಯುವುದಿಲ್ಲ, ಹಾಗಾಗಿ ಪಾತ್ರೆ ತೆಳ್ಳಗಿರಲಿ. ಫ್ಯಾಟಿ ಆಸಿಡ್ ಇಲ್ಲದೆ ಸುಮ್ನೆ ನೀಲಿ ದೀಪದಡಿ ಇಟ್ಟರೆ ಕಿಣ್ವವೇ ಹಾಳಾಗುತ್ತದೆ. ಟ್ಯೂಬಿಗೆ ಫಾಯಿಲ್ ಸುತ್ತಿಡು, ಫ್ಯಾಟಿ ಆಸಿಡ್ ಹಾಕಿದ ಮೇಲೆಯೇ ದೀಪ ಹಚ್ಚು. ಪ್ರತಿ ಸಲವೂ ಒಂದು ಟ್ಯೂಬ್ ಕತ್ತಲಲ್ಲೇ ಇರಲಿ. ಅಲ್ಲೂ ಪೆಂಟಾಡೆಕೇನ್ ಕಂಡರೆ ಪಾತ್ರೆ ಸರಿಯಾಗಿ ತೊಳೆದಿಲ್ಲ ಅಂತ ತಿಳಿ.

ಬೆಂಗಳೂರಿನ ಐಐಎಸ್‌ಸಿಯಲ್ಲಿ ಇದೇ ಥರ ಫ್ಯಾಟಿ ಆಸಿಡ್‌ನ ತುದಿ ಕಳಚುವ, ಆದರೆ ಬೆಳಕು ಬೇಡದ ಅಂಡ್‌ಬಿ ಅನ್ನೋ ಕಿಣ್ವದ ಮೇಲೆ ಕೆಲಸ ಮಾಡಿದ್ದಾರೆ. ಕೆಲಸದಲ್ಲಿ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್‌ನಿಂದಲೇ ಅದು ಮಂಕಾಗುತ್ತಿತ್ತು. ಪೆರಾಕ್ಸೈಡ್ ಒಡೆಯುವ ಕೆಟಲೇಸ್ ಕಿಣ್ವ ಜೋಡಿಸಿದ ಮೇಲೆ ಚುರುಕಾಯಿತು. ಸಂಕೋಚ ಬಿಟ್ಟು ಹೋಗಿ ಅವರನ್ನು ಮಾತಾಡಿಸು.

ಇಂತಿ,
ನಿನ್ನ ದೊಡ್ಡಪ್ಪ