ಅಮ್ಮನಿಗೆ, ಹೊಸ ಫ್ರೀಜರ್ ಬಗ್ಗೆ

ಪ್ರೀತಿಯ ಅಮ್ಮ,

ನಾನು ಇಲ್ಲಿ ಆರಾಮಾಗಿದ್ದೇನೆ. ಮೊನ್ನೆ ಫೋನಿನಲ್ಲಿ ಹೊಸ ಫ್ರಿಜ್ ವಿಷಯ ಹೇಳುತ್ತಾ "ಫ್ರೀಜರ್ ಎಷ್ಟು ದೊಡ್ಡದಿದೆ ಗೊತ್ತಾ, ಇನ್ಮೇಲೆ ಏನೂ ಕೆಡೋದೇ ಇಲ್ಲ" ಅಂದೆಯಲ್ಲ, ಆ ಮಾತು ತಲೆಯಲ್ಲೇ ಕೂತುಬಿಟ್ಟಿದೆ. ಫೋನಿನಲ್ಲಿ ಅವಸರದಲ್ಲಿ ಹೇಳುವ ವಿಷಯ ಅಲ್ಲ ಇದು, ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪನಿಗೂ ಓದಿ ಹೇಳು.

ಫ್ರೀಜರ್ ಊಟವನ್ನು ಶುದ್ಧ ಮಾಡುವುದಿಲ್ಲ ಅಮ್ಮ. ಒಳಗೆ ಹೋದಾಗ ಹೇಗಿತ್ತೋ ಹಾಗೇ ಹಿಡಿದಿಡುತ್ತದೆ, ಅಷ್ಟೇ. ಆ ಚಳಿಗೆ ಬ್ಯಾಕ್ಟೀರಿಯಾ ಬೆಳೆಯುವುದು ನಿಲ್ಲುತ್ತದೆ, ಆದರೆ ಎಲ್ಲ ಸಾಯುವುದಿಲ್ಲ. ಹೊರಗೆ ತೆಗೆದು ಬೆಚ್ಚಗಾದರೆ ಮತ್ತೆ ಶುರು. ಹಾಗಾಗಿ ಬೆಳಿಗ್ಗೆ ಮಾಡಿದ್ದು ಸಂಜೆವರೆಗೂ ಒಲೆ ಮೇಲೇ ಇದ್ದು, ಆಮೇಲೆ "ಕೆಡುವ ಮೊದಲು ಫ್ರೀಜರಿಗೆ ಹಾಕೋಣ" ಅಂದರೆ ಏನೂ ಉಪಯೋಗವಿಲ್ಲ. ಅಡುಗೆಯಾದ ಎರಡು ಗಂಟೆಯೊಳಗೆ ಒಳಗೆ ಹೋಗಬೇಕು. ಸೆಕೆ 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ. ಅನ್ನದ ವಿಷಯದಲ್ಲಂತೂ ದಯವಿಟ್ಟು ಇದನ್ನು ಮೀರಬೇಡ. ಅಕ್ಕಿಯಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಇರುತ್ತದೆ, ಅದರ ಬೀಜಕಣಗಳು ಕುದಿಸಿದರೂ ಉಳಿದುಕೊಳ್ಳುತ್ತವೆ, ಅನ್ನ ಹೊರಗೆ ಬೆಚ್ಚಗೆ ಕೂತಿದ್ದರೆ ಅವು ಬೆಳೆದು ವಿಷ ಬಿಡುತ್ತವೆ, ಆಮೇಲೆ ನೀನು ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ.

ಹಾಗಂತ ಬಿಸಿ ಪಾತ್ರೆಯನ್ನು ಇಡಿಯಾಗಿ ಎತ್ತಿ ಒಳಗಿಡಬೇಡ. ಮೇಲೆ ಐಸ್ ಕಟ್ಟಿದ್ದರೂ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ, ಪಕ್ಕದಲ್ಲಿ ಇರುವುದನ್ನೂ ಕರಗಿಸುತ್ತದೆ. ಎರಡು ಬೆರಳು ಎತ್ತರಕ್ಕಿಂತ ಜಾಸ್ತಿ ಬರದ ಹಾಗೆ ಅಗಲ ಡಬ್ಬಿಗಳಿಗೆ ಹಂಚು, ತಣ್ಣೀರು ತುಂಬಿದ ಅಗಲ ಪಾತ್ರೆಯಲ್ಲಿ ಆ ಡಬ್ಬಿಗಳನ್ನು ಇಟ್ಟು ಕೈಯಾಡಿಸು. ಬೇಗ ತಣಿಯುತ್ತದೆ. ಒಂದು ಡಬ್ಬಿಯಲ್ಲಿ ಒಂದು ಹೊತ್ತಿಗೆ ಆಗುವಷ್ಟೇ ಇರಲಿ, ಆಗ ಬೇಕಾದಷ್ಟನ್ನೇ ಕರಗಿಸಬಹುದು ಅಲ್ವಾ. ಇನ್ನೊಂದು ಲಾಭವೂ ಇದೆ. ನಿಧಾನವಾಗಿ ಗಟ್ಟಿಯಾದರೆ ಒಳಗಿನ ನೀರು ದೊಡ್ಡ ದೊಡ್ಡ ಹರಳು ಕಟ್ಟಿ ಮಾಂಸ, ತರಕಾರಿಯನ್ನು ಒಳಗಿಂದಲೇ ಸೀಳುತ್ತದೆ, ಕರಗಿಸಿದಾಗ ನೀರು ನೀರಾಗಿ ಪಿಚಕ್ ಅನ್ನುವುದು ಅದಕ್ಕೇ. ಬೇಗ ಗಟ್ಟಿಯಾದರೆ ಹರಳು ಸಣ್ಣದು. ಡಬ್ಬಿಯನ್ನು ಬಾಯಿವರೆಗೂ ತುಂಬಬೇಡ, ನೀರು ಐಸಾದಾಗ ಸುಮಾರು 9 ಶೇಕಡಾ ಉಬ್ಬುತ್ತದೆ. ಗಾಜಿನ ಬಾಟಲಿ ಒಡೆಯುವುದು, ಚಿಪ್ಪಿನ ಮೊಟ್ಟೆ ಬಿರಿಯುವುದು ಎಲ್ಲ ಇದರಿಂದಲೇ.

ಹೊಸ ಫ್ರೀಜರ್ ಒಳಗೆ ಒಂದು ಸಣ್ಣ ಥರ್ಮಾಮೀಟರ್ ಇಡು. ಮೈನಸ್ 18 ಡಿಗ್ರಿ ಇರಬೇಕು. ತಿರುಗಿಸುವ ಗುಂಡಿ ಮೇಲೆ 1, 2, 3 ಅಂತ ಇರುತ್ತಲ್ಲ, ಅದು ಡಿಗ್ರಿ ಅಲ್ಲ.

ಈಗ ನಾನು ಇಷ್ಟೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂತ ಹೇಳುತ್ತೇನೆ. ಹೋದ ವರ್ಷ ನಾಲ್ಕು ದಿನ ಊರಲ್ಲಿ ಇರಲಿಲ್ಲ ಅಂದಿದ್ದೆನಲ್ಲ, ವಾಪಸ್ ಬಂದು ಫ್ರೀಜರ್ ತೆಗೆದರೆ ಎಲ್ಲ ಕಲ್ಲಿನ ಹಾಗೆ ಗಟ್ಟಿ, ಎಲ್ಲ ಸರಿ ಇದೆ ಅಂದುಕೊಂಡೆ. ಆಮೇಲೆ ಬಟಾಣಿ ಪ್ಯಾಕೆಟ್ ಎತ್ತಿದೆ. ಅಲುಗಿಸಿದರೆ ಗಲಗಲ ಅನ್ನಬೇಕಾದ ಕಾಳು ಒಂದೇ ಗಡ್ಡೆಯಾಗಿತ್ತು. ಅದರ ಕೆಳಗೆ ಕೋಳಿ ಮಾಂಸದ ಕವರ್, ಕವರಿನಡಿ ತೆಳ್ಳಗೆ ಗುಲಾಬಿ ಬಣ್ಣದ ಐಸ್ ಹಾಸಿಕೊಂಡಿತ್ತು. ಅಂದರೆ ನಾನಿಲ್ಲದಾಗ ಕರೆಂಟ್ ಹೋಗಿದೆ, ಎಲ್ಲ ಕರಗಿದೆ, ಮಾಂಸದ ನೀರು ಹರಿದಿದೆ, ಕರೆಂಟ್ ಬಂದ ಮೇಲೆ ಮತ್ತೆ ಗಟ್ಟಿಯಾಗಿದೆ. ಎಷ್ಟು ಹೊತ್ತು ಕರಗಿ ಕೂತಿತ್ತೋ ಯಾರಿಗೆ ಗೊತ್ತು? ವಾಸನೆ ಇರಲಿಲ್ಲ, ಬಣ್ಣ ಸರಿ ಇತ್ತು. ಆದರೂ ಎಲ್ಲವನ್ನೂ ಎಸೆದೆ. ಊಟ ಎಸೆಯುವಾಗ ನಿನ್ನ ನೆನಪಾಗಿ ಹೊಟ್ಟೆ ಚುರ್ ಅಂತು ಅಮ್ಮ, ಆದರೆ ಕಾಯಿಲೆ ತರುವ ಬ್ಯಾಕ್ಟೀರಿಯಾಗೆ ವಾಸನೆ ಬರಲೇಬೇಕು ಅಂತೇನಿಲ್ಲ.

ಅವತ್ತಿಂದ ಒಂದು ಲೋಟ ಇಟ್ಟಿದ್ದೇನೆ. ಲೋಟದಲ್ಲಿ ನೀರು ಹಾಕಿ ಐಸ್ ಮಾಡಿ, ಆ ಐಸಿನ ಮೇಲೆ ಒಂದು ನಾಣ್ಯ. ಊರಿಂದ ಬಂದು ನೋಡಿದಾಗ ನಾಣ್ಯ ಮೇಲೇ ಇದ್ದರೆ ಚಿಂತೆಯಿಲ್ಲ. ತಳ ಸೇರಿದ್ದರೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ನೀನೂ ಇವತ್ತೇ ಇಡು.

ಕರೆಂಟ್ ಹೋದಾಗ ಮನೆಯಲ್ಲೇ ಇದ್ದರೆ ಬಾಗಿಲು ತೆಗೆಯಲೇಬೇಡ, ಸುಮ್ನೆ ನೋಡೋಣ ಅಂತಲೂ ತೆಗೆಯಬೇಡ. ಪೂರ್ತಿ ತುಂಬಿದ ಫ್ರೀಜರ್ ಮುಚ್ಚಿದ ಹಾಗೇ ಇದ್ದರೆ ಸುಮಾರು 48 ಗಂಟೆ ಚಳಿ ಹಿಡಿದಿರುತ್ತದೆ, ಅರ್ಧ ತುಂಬಿದ್ದರೆ 24. ಆಮೇಲೆ ತೆಗೆದಾಗ ಇನ್ನೂ ಐಸಿನ ಹರಳು ಕಾಣುತ್ತಿದ್ದರೆ ಮತ್ತೆ ಗಟ್ಟಿ ಮಾಡಬಹುದು, ರುಚಿ ಸ್ವಲ್ಪ ಹೋಗಬಹುದು ಅಷ್ಟೇ. ಪೂರ್ತಿ ಕರಗಿ 4 ಡಿಗ್ರಿಗಿಂತ ಬೆಚ್ಚಗೆ ಎರಡು ಗಂಟೆಗಿಂತ ಜಾಸ್ತಿ ಕೂತಿದ್ದರೆ ಬೇಡ.

ಕರಗಿಸುವುದನ್ನೂ ಅಡುಗೆ ಕಟ್ಟೆ ಮೇಲೆ ಮಾಡಬೇಡ. ಒಳಗೆ ಐಸ್ ಇರುವಾಗಲೇ ಹೊರಮೈ ಬೆಚ್ಚಗಾಗಿ ಬ್ಯಾಕ್ಟೀರಿಯಾ ಬೆಳೆಯಲು ಶುರು ಮಾಡುತ್ತದೆ. ಹಿಂದಿನ ರಾತ್ರಿಯೇ ಕೆಳಗಿನ ಫ್ರಿಜ್ಜಿಗೆ ಇಳಿಸು, ಹಸಿ ಮಾಂಸವಾದರೆ ಎಲ್ಲಕ್ಕಿಂತ ಕೆಳಗಿನ ತಟ್ಟೆಯಲ್ಲಿ, ತಟ್ಟೆಯಡಿ ಬೇರೇನೂ ಇರಬಾರದು. ಅವಸರವಿದ್ದರೆ ಕವರ್ ಬಿಗಿಯಾಗಿ ಕಟ್ಟಿ ತಣ್ಣೀರಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸು, ಕರಗಿದ ಕೂಡಲೇ ಬೇಯಿಸಿಬಿಡು. ಮಾಡಿದ ಅಡುಗೆಯನ್ನು ಮತ್ತೆ ಬಿಸಿ ಮಾಡುವಾಗ ಅಂಚು ಕುದಿದರೆ ಸಾಲದು, ನಡುವಿನಿಂದಲೂ ಹಬೆ ಏಳಬೇಕು, 74 ಡಿಗ್ರಿ.

ಡಬ್ಬಿ ಮೇಲೆ ಏನು, ಯಾವತ್ತಿನದು ಅಂತ ಬರೆದಿಡು, ಗಟ್ಟಿಯಾದ ಮೇಲೆ ಎಲ್ಲ ಒಂದೇ ಥರ ಕಾಣುತ್ತೆ. ಮಾಡಿದ ಅಡುಗೆಯನ್ನು ಎರಡು ಮೂರು ತಿಂಗಳಲ್ಲಿ ತಿಂದು ಮುಗಿಸಿದರೆ ರುಚಿ ಚೆನ್ನಾಗಿರುತ್ತದೆ. ಕೆಲವು ಸಲ ಮಾಂಸದ ಮೇಲೆ ಬೆಳ್ಳಗೆ ಒಣಗಿದ ಕಲೆ ಬರುತ್ತದೆ, ಅದಕ್ಕೆ ಹೆದರಬೇಡ. ಗಾಳಿ ಸೋಕಿ ಐಸ್ ಆವಿಯಾಗಿ ಹೋದ ಜಾಗ ಅದು, ವಿಷ ಅಲ್ಲ, ಕತ್ತರಿಸಿ ತೆಗೆದರೆ ಆಯಿತು. ಕವರಿನಲ್ಲಿ ಇರುವ ಗಾಳಿಯನ್ನು ಒತ್ತಿ ತೆಗೆದು ಕಟ್ಟಿದರೆ ಅದೂ ಬರುವುದಿಲ್ಲ.

ನಾಣ್ಯದ ಲೋಟ ಇಟ್ಟ ಮೇಲೆ ಒಂದು ಫೋಟೋ ಕಳಿಸು, ಥರ್ಮಾಮೀಟರ್ ಎಷ್ಟು ತೋರಿಸುತ್ತದೆ ಅಂತಲೂ ಹೇಳು. ಭಾನುವಾರ ಫೋನ್ ಮಾಡುತ್ತೇನೆ.

ನಿನ್ನ ಮಗಳು