ಗಾಜು ಒಡೆದಿದ್ದಾರೆ, ‘ಕಳೆದುಹೋಗಿದೆ’ ಅಂತ ಯಾಕೆ ಬರೆಯಬೇಕು?

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಮೈಸೂರಿಗೆ ಮದುವೆಗೆ ಹೋಗಿದ್ದೆವು. ಛತ್ರದ ಹೊರಗೆ ರಸ್ತೆ ಬದಿ ಕಾರು ನಿಲ್ಲಿಸಿ ಊಟ ಮುಗಿಸಿ ಬರುವಷ್ಟರಲ್ಲಿ ಹಿಂದಿನ ಕಿಟಕಿ ಗಾಜು ಪುಡಿ ಪುಡಿ. ಸೀಟಿನ ಮೇಲಿದ್ದ ಬ್ಯಾಗ್ ಮಾಯ. ಲ್ಯಾಪ್‌ಟಾಪ್, ನನ್ನ ಡಿಎಲ್, ಅಮ್ಮನ ಬಿಪಿ ಮಾತ್ರೆ ಎಲ್ಲ ಅದರಲ್ಲೇ ಇತ್ತು. ಎರಡು ಸಲ ಗುಡಿಸಿದರೂ ಸೀಟಿನ ಸಂದಿಯಲ್ಲಿ ಗಾಜಿನ ಹರಳು ಇವತ್ತಿಗೂ ಸಿಗುತ್ತಿದೆ, ಮಗಳನ್ನು ಅಲ್ಲಿ ಕೂರಿಸಲು ಭಯ.

ಠಾಣೆಗೆ ಹೋದರೆ ‘ಬ್ಯಾಗ್ ಕಳೆದುಹೋಗಿದೆ ಅಂತ ಬರೆದುಕೊಡಿ, ಬೇಗ ಆಗುತ್ತೆ’ ಅಂದರು. ಗಾಜು ಒಡೆದು ಒಯ್ದಿದ್ದು ಕಳ್ಳತನ ಅಲ್ವಾ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಕೃತ್ಯ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು, ದಾಖಲಿಸಲು ಒಪ್ಪದಿದ್ದರೆ ಎಸ್‌ಪಿಗೆ ಅಂಚೆಯಲ್ಲೇ ದೂರು ಕಳಿಸಬಹುದು. ಇದು ನನಗೆ ಗೊತ್ತಾಗಿದ್ದು ಮೂರು ದಿನ ಸುಮ್ನೆ ಅಲೆದ ಮೇಲೆ.

ಇನ್ನೊಂದು ಮಾತು. ಗುಡಿಸುವ ಮೊದಲೇ ಒಡೆದ ಗಾಜಿನ ಫೋಟೊ ತೆಗೆದಿಟ್ಟುಕೊಳ್ಳಿ. ಗಾಜಿನ ಖರ್ಚು ಸಾಮಾನ್ಯವಾಗಿ ಕಾರಿನ ಕಾಂಪ್ರಹೆನ್ಸಿವ್ (ಸಮಗ್ರ) ವಿಮೆ ಪಾಲಿಸಿಯಲ್ಲಿ ಸಿಗುತ್ತದೆ, ಆದರೆ ಒಳಗಿದ್ದ ಬ್ಯಾಗಿಗೆ ಬೇರೆ ಆಡ್-ಆನ್ (ಪಾಲಿಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ರಕ್ಷಣೆ) ಇಲ್ಲದಿದ್ದರೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ.

ಪೊಲೀಸ್ ಇಲಾಖೆಯವರಲ್ಲಿ ನನ್ನ ಕೋರಿಕೆ ಒಂದೇ. ಆ 173ನೇ ಕಲಮನ್ನು ಸರಳ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಪ್ರತಿ ಠಾಣೆಯ ಬಾಗಿಲಲ್ಲೇ ಬರೆಸಿ ಹಾಕಿ.

– ನೊಂದ ಓದುಗ, ಮಂಡ್ಯ